ನಾಲ್ಕನೇ ಲೆವೆಲ್‌ಗೆ ಬಂದ್ರಾ? ಫೀಟ್ ಆರಿಸೋ ಮುಂಚೆ ಇದನ್ನ ನೋಡಿ

ಭಾನುವಾರ ಸಂಜೆ, ಅಂಧೇರಿಯ ಬೋರ್ಡ್ ಗೇಮ್ ಕೆಫೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನಿಮ್ಮ ವಿಝರ್ಡ್ ನಾಲ್ಕನೇ ಲೆವೆಲ್‌ಗೆ ಬಂದಿದ್ದಾನೆ. 2014ರ ನಿಯಮದಲ್ಲಿ ಆಡ್ತಿದ್ರೆ, ಪಾತ್ರದ ಸಾಮರ್ಥ್ಯದ ಸ್ಕೋರ್‌ಗಳಿಗೆ ಒಟ್ಟು ಎರಡು ಅಂಕ ಸೇರಿಸ್ಬೇಕು. ಆಟ ನಡೆಸೋ ಡಂಜನ್ ಮಾಸ್ಟರ್ ಒಪ್ಪಿದ್ರೆ ಅದರ ಬದಲು ಒಂದು ಫೀಟ್, ಅಂದ್ರೆ ಒಂದು ವಿಶೇಷ ಕೌಶಲ.

ಮೊದಲು ಶೀಟ್‌ನಲ್ಲಿ ಬೆಸ ಸಂಖ್ಯೆ ಹುಡುಕಿ. ಕಾನ್‌ಸ್ಟಿಟ್ಯೂಷನ್ 13 ಇದೆಯಾ? 12ಕ್ಕೂ 13ಕ್ಕೂ ಬೋನಸ್ ಒಂದೇ, +1. ‘ರೆಸಿಲಿಯಂಟ್’ ಅನ್ನೋ ಫೀಟ್ ತಗೊಂಡ್ರೆ ಅದು 14 ಆಗುತ್ತೆ, ಬೋನಸ್ +2. ಕಾನ್‌ಸ್ಟಿಟ್ಯೂಷನ್‌ನ ಸೇವಿಂಗ್ ಥ್ರೋಗೆ ಪ್ರೊಫಿಷಿಯನ್ಸಿಯಿಂದ ಇನ್ನೂ +2.

ಈಗ ಗಾಬ್ಲಿನ್ ಬಾಣ ಬಿಟ್ಟು 7 ಡ್ಯಾಮೇಜ್ ಆಯ್ತು ಅಂದ್ಕೊಳ್ಳಿ. ಏಕಾಗ್ರತೆಯಿಂದ ಹಿಡಿದಿಟ್ಟ ಮಂತ್ರ ಉಳಿಯೋಕೆ ಆ ಸೇವಿಂಗ್ ಥ್ರೋದಲ್ಲಿ ಒಟ್ಟು 10 ಬೇಕು. ಮುಂಚೆ ಡೈಸ್‌ನಲ್ಲಿ 9 ಬೀಳಬೇಕಿತ್ತು, ಈಗ 6 ಬಿದ್ರೆ ಸಾಕು! ಇಡೀ ತಂಡ ಆ ಮಂತ್ರ ನಂಬಿಕೊಂಡು ಹೋರಾಡ್ತಿರುವಾಗ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಫೈಟರ್‌ಗೆ 6ನೇ ಲೆವೆಲ್‌ನಲ್ಲೇ ಮತ್ತೊಂದು ಅವಕಾಶ ಇದೆ. ವಿಝರ್ಡ್‌ಗೆ ಮುಂದಿನದು 8ರಲ್ಲಿ. ಡೊಂಬಿವಲಿಯಿಂದ, ಮುಲುಂಡ್‌ನಿಂದ ಲೋಕಲ್ ಹತ್ತಿ ವಾರಕ್ಕೊಮ್ಮೆ ಬಂದು ಆಡೋರಿಗೆ ಅಲ್ಲಿಗೆ ಮುಟ್ಟೋಕೆ ತಿಂಗಳುಗಳೇ ಹಿಡಿಯುತ್ತೆ. ಅದಕ್ಕೇ, ಮುಂದೆ ಯಾವತ್ತೋ ಬೇಕಾಗಬಹುದಾದ ಫೀಟ್ ಬಿಡಿ, ಮುಂದಿನ ಭಾನುವಾರವೇ ಕೆಲಸಕ್ಕೆ ಬರೋದನ್ನ ತಗೊಳ್ಳಿ.

2024ರ ನಿಯಮದವರಿಗೆ ಮೊದಲ ಲೆವೆಲ್‌ನಲ್ಲೇ ಒಂದು ಫೀಟ್ ಸಿಗುತ್ತೆ, ನಾಲ್ಕನೇ ಲೆವೆಲ್‌ನ ಫೀಟ್‌ಗಳಲ್ಲಿ ಒಂದು ಅಂಕ ಸೇರಿಯೇ ಬರುತ್ತೆ.