ಬೈಸಿಕಲ್ಲಿನ ದ್ರವದ ಬ್ರೇಕು: ಅಂಟಿಕೊಂಡ ಪಿಸ್ಟನ್ನಿಗೆ ಪರಿಹಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಪಾಠಶಾಲೆಗಳಲ್ಲಿ ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಬೈಸಿಕಲ್ಲೇ ನಮಗೆ ವಾಹನವಾಗಿದ್ದಿತು. ಅದರ ಬ್ರೇಕು ಕಬ್ಬಿಣದ ಸರಳುಗಳೂ ರಬ್ಬರಿನ ತುಂಡುಗಳೂ ಸೇರಿದ ಸುಲಭ ಸಾಧನ. ಬಿಗಿಯಾದರೆ ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟರೆ ಸಾಕು, ಸರಿಹೋಗುತ್ತಿದ್ದಿತು. ಆ ಹಳೆಯ ಅಭ್ಯಾಸವೇ ಕಳೆದ ಬೇಸಗೆಯಲ್ಲಿ ನಮ್ಮನ್ನು ದೊಡ್ಡದೊಂದು ತಪ್ಪಿಗೆ ಗುರಿಮಾಡಿತು. ವಾಚಕರಾರೂ ಅಂಥ ತಪ್ಪನ್ನು ಮಾಡದಿರಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ರಜಾದಿನಗಳಲ್ಲಿ ನಮ್ಮ ಮೊಮ್ಮಗನು ಬೆಂಗಳೂರಿನಿಂದ ತನ್ನ ಹೊಸ ಬಗೆಯ ಬೈಸಿಕಲ್ಲನ್ನು ತಂದಿದ್ದನು. ಅದರ ಮುಂದಿನ ಚಕ್ರವು ತಿರುಗುವಾಗ ಸರ್ ಸರ್ ಎಂದು ಉಜ್ಜುತ್ತಿದ್ದಿತು. ಹುಡುಗನು ಬೇಡವೆಂದರೂ ಕೇಳದೆ, ನಾವು ಹೊಲಿಗೆ ಯಂತ್ರದ ಎಣ್ಣೆಯನ್ನು ಬ್ರೇಕಿನ ಸಂದಿಗೆ ಬಿಟ್ಟೆವು. ಉಜ್ಜುವ ಸದ್ದು ನಿಂತಿತು, ನಾವು ಹೆಮ್ಮೆಪಟ್ಟೆವು. ಮರುದಿನ ಬೆಳಿಗ್ಗೆ ಅಂತರಗಂಗೆಯ ಬೆಟ್ಟದ ಇಳಿಜಾರಿನಲ್ಲಿ ಹುಡುಗನು ಹಿಡಿಕೆಯನ್ನು ಒತ್ತಿದರೆ ಚಕ್ರವು ನಿಲ್ಲಲಿಲ್ಲ. ರಸ್ತೆಯ ಬದಿಯ ಮಣ್ಣುಗುಡ್ಡೆಗೆ ಗಾಡಿಯನ್ನು ತಿರುಗಿಸಿದುದರಿಂದ ಮೊಣಕಾಲು ಮೊಣಕೈಗಳು ತರಚಿದುವೇ ಹೊರತು ದೈವಕೃಪೆಯಿಂದ ಹೆಚ್ಚಿನ ಅಪಾಯವಾಗಲಿಲ್ಲ. ಸಂಸ್ಕೃತದಲ್ಲಿ ಸ್ನೇಹವೆಂಬ ಶಬ್ದಕ್ಕೆ ಪ್ರೀತಿಯೆಂದೂ ಎಣ್ಣೆಯೆಂದೂ ಎರಡರ್ಥ. ಅಸ್ಥಾನದಲ್ಲಿ ಇಟ್ಟರೆ ಎರಡೂ ಕೆಡುಕನ್ನೇ ತರುವುವೆಂಬುದು ಅಂದು ನಮಗೆ ಮನದಟ್ಟಾಯಿತು. ಆಮೇಲೆ ಬಲ್ಲವರನ್ನು ವಿಚಾರಿಸಿ, ಈ ಯಂತ್ರದ ಮರ್ಮವನ್ನು ಕಲಿತುಕೊಂಡೆವು.

ಈ ಬ್ರೇಕಿನಲ್ಲಿ ಸರಳೂ ಇಲ್ಲ, ತಂತಿಯೂ ಇಲ್ಲ. ಹಿಡಿಕೆಯನ್ನು ಒತ್ತಿದರೆ ನಳಿಗೆಯೊಳಗಿನ ದ್ರವವು ತಳ್ಳಲ್ಪಟ್ಟು, ಚಕ್ರದ ಬಳಿಯಿರುವ ಕ್ಯಾಲಿಪರ್ ಎಂಬ ಲೋಹದ ಗೂಡನ್ನು ಸೇರುತ್ತದೆ. ಅಲ್ಲಿ ಎದುರುಬದುರಾಗಿ ಎರಡು ಪಿಸ್ಟನ್ನುಗಳಿವೆ. ಅವು ಎರಡು ಪ್ಯಾಡುಗಳನ್ನು ಒತ್ತಿ, ಚಕ್ರದೊಡನೆ ತಿರುಗುವ ತೆಳುವಾದ ಉಕ್ಕಿನ ಡಿಸ್ಕನ್ನು ಎರಡು ಕಡೆಯಿಂದಲೂ ಹಿಡಿಯುತ್ತವೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲನು ತೋರಿಸಿದನು. ಇದೇ ತತ್ತ್ವದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮನು ೧೭೯೫ರಲ್ಲಿ ಜಲಶಕ್ತಿಯ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು.

ಪ್ರತಿಯೊಂದು ಪಿಸ್ಟನ್ನಿನ ಸುತ್ತಲೂ ರಬ್ಬರಿನ ಬಳೆಯೊಂದುಂಟು. ಪಿಸ್ಟನ್ನು ಮುಂದೆ ಸರಿದಾಗ ಬಳೆಯು ಅದನ್ನು ಹಿಡಿದುಕೊಂಡು ಸ್ವಲ್ಪ ತಿರುಚುತ್ತದೆ. ಕೈಬಿಟ್ಟಾಗ ತನ್ನ ಮೊದಲಿನ ಆಕಾರಕ್ಕೆ ಮರಳಿ ಪಿಸ್ಟನ್ನನ್ನೂ ಹಿಂದಕ್ಕೆಳೆಯುತ್ತದೆ. ಪ್ಯಾಡು ಸವೆದಂತೆಲ್ಲ ಪಿಸ್ಟನ್ನು ಹೆಚ್ಚು ಹೊರಗೆ ನಿಲ್ಲುವುದರಿಂದ ಅದರ ಬದಿಗೆ ಧೂಳು ಕೂಡುತ್ತದೆ. ಮಾಲೂರಿನ ಇಟ್ಟಿಗೆಗೂಡುಗಳ ಹಾದಿಯ ಕೆಂಧೂಳಿಯನ್ನೂ, ಶ್ರೀನಿವಾಸಪುರದ ಮಾವಿನ ತೋಪುಗಳ ಬಂಡಿಜಾಡನ್ನೂ, ಮುಳಬಾಗಿಲಿನ ಬಂಡೆಗಳ ನಡುವಣ ಮರಳನ್ನೂ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಕೊಳೆಯು ಜಿಗುಟಾಗಿ ಬಳೆಯ ಬಳಿ ಹತ್ತಿಕೊಂಡರೆ ಒಂದು ಪಿಸ್ಟನ್ನು ಅಂಟಿಕೊಳ್ಳುತ್ತದೆ. ಇನ್ನೊಂದು ಮಾತ್ರ ಚಲಿಸಿ, ಡಿಸ್ಕನ್ನು ಪಕ್ಕಕ್ಕೆ ಬಾಗಿಸುತ್ತದೆ.

ಉಜ್ಜುವಿಕೆಗೆಲ್ಲ ಇದೇ ಕಾರಣವೆಂದು ತಿಳಿಯಕೂಡದು. ಡಿಸ್ಕು ಸೊಟ್ಟಗಾಗಿದ್ದರೆ ಸುತ್ತಿಗೊಮ್ಮೆ ಮಾತ್ರ ತಗಲುತ್ತದೆ. ಕ್ಯಾಲಿಪರು ಓರೆಯಾಗಿದ್ದರೆ ಅದರ ಎರಡು ತಿರುಪುಗಳನ್ನು ಸಡಿಲಿಸಿ, ಹಿಡಿಕೆಯನ್ನು ಒತ್ತಿಹಿಡಿದೇ ಮತ್ತೆ ಬಿಗಿಮಾಡಿದರೆ ಸಾಕು. ಹಿಡಿಕೆಯನ್ನು ಒತ್ತಿದಾಗ ಒಂದು ಕಡೆಯ ಪ್ಯಾಡು ಮಾತ್ರ ಸರಿದು, ಇನ್ನೊಂದು ನಿಂತಲ್ಲಿಯೇ ನಿಂತಿದ್ದರೆ ಪಿಸ್ಟನ್ನು ಅಂಟಿಕೊಂಡಿದೆಯೆಂದು ನಿಶ್ಚಯಿಸಬಹುದು.

ಪರಿಹಾರಕ್ರಮವಿದು. ಮೊದಲು ಚಕ್ರವನ್ನೂ ಪ್ಯಾಡುಗಳನ್ನೂ ತೆಗೆದು, ಅವಕ್ಕೆ ಎಣ್ಣೆ ಸೋಂಕದಂತೆ ದೂರವಿಡತಕ್ಕದ್ದು. ಔಷಧದ ಅಂಗಡಿಯಲ್ಲಿ ದೊರೆಯುವ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಯ ಕಡ್ಡಿಯನ್ನು ಅದ್ದಿ ಪಿಸ್ಟನ್ನುಗಳ ಸುತ್ತಲೂ ಒರೆಸಬೇಕು. ಈ ದ್ರವಕ್ಕೆ ಬೆಂಕಿ ಬೇಗನೆ ಹತ್ತುವುದರಿಂದ ಹತ್ತಿರ ದೀಪವಿರಕೂಡದು. ಅನಂತರ, ಸರಾಗವಾಗಿ ಚಲಿಸುವ ಪಿಸ್ಟನ್ನನ್ನು ಪ್ಲಾಸ್ಟಿಕ್ಕಿನ ಟೈರ್ ಲಿವರಿನಿಂದ ತಡೆಹಿಡಿದು, ಬ್ರೇಕಿನ ಹಿಡಿಕೆಯನ್ನು ಮೆಲ್ಲಮೆಲ್ಲಗೆ ಒತ್ತಬೇಕು. ತರಗತಿಯಲ್ಲಿ ಚುರುಕಾದ ಹುಡುಗನನ್ನು ಸುಮ್ಮನಿರಿಸಿದರೆ ಮಂದನಾದವನು ಉತ್ತರ ಹೇಳುವಂತೆ, ಆಗ ಅಂಟಿದ ಪಿಸ್ಟನ್ನು ತಾನಾಗಿ ಹೊರಡುತ್ತದೆ. ಅದನ್ನು ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಹೊರಡಿಸಬಾರದು. ಪೂರ್ತಿ ಹೊರಬಿದ್ದರೆ ದ್ರವವೆಲ್ಲ ಚೆಲ್ಲಿಹೋಗುವುದು. ಹೊರಬಂದ ಭಾಗವನ್ನು ಒರೆಸಿ, ಆ ಬ್ರೇಕಿಗೆ ವಿಹಿತವಾದ ದ್ರವವನ್ನೇ ಕಡ್ಡಿಯ ತುದಿಯಿಂದ ಒಂದಿಷ್ಟು ಸವರಿ, ಪ್ಲಾಸ್ಟಿಕ್ಕಿನ ಸಾಧನದಿಂದ ನೇರವಾಗಿ ಒಳಕ್ಕೆ ತಳ್ಳಬೇಕು. ಹೀಗೆ ನಾಲ್ಕಾರು ಸಲ ಮಾಡಿದರೆ ಎರಡೂ ಸಮನಾಗಿ ಚಲಿಸತೊಡಗುವುವು. ಉಳಿದ ದ್ರವವನ್ನು ಚೆನ್ನಾಗಿ ಒರೆಸಿ, ಡಿಸ್ಕನ್ನೂ ಅದೇ ಆಲ್ಕೋಹಾಲಿನಿಂದ ಶುಚಿಮಾಡಿ, ಎಲ್ಲವನ್ನೂ ಜೋಡಿಸಬಹುದು.

ವಿಹಿತವಾದ ದ್ರವವೆಂದು ಹೇಳಿದುದಕ್ಕೆ ಕಾರಣವುಂಟು. ಶಿಮಾನೊ, ಮಗೂರಾ ಮೊದಲಾದ ಬ್ರೇಕುಗಳಿಗೆ ಖನಿಜತೈಲ. ಸ್ರಾಮಿನ ಹಲವು ಮಾದರಿಗಳಿಗೆ ಡಾಟ್ ಎಂಬ ಬೇರೆ ಜಾತಿಯ ದ್ರವ. ಒಂದರ ಬದಲು ಇನ್ನೊಂದನ್ನು ಬಳಸಿದರೆ ರಬ್ಬರಿನ ಬಳೆಗಳು ಉಬ್ಬಿ ಕೆಡುವುವು. ಯಾವುದೆಂಬುದನ್ನು ಹಿಡಿಕೆಯ ಬಳಿಯ ಮುಚ್ಚಳದ ಮೇಲೆ ಸಾಮಾನ್ಯವಾಗಿ ಬರೆದಿರುತ್ತಾರೆ. ಡಾಟ್ ದ್ರವವು ಬಣ್ಣವನ್ನೂ ಚರ್ಮವನ್ನೂ ಕೆಡಿಸುವುದರಿಂದ ಕೈಗೆ ಗವಸು ಅಗತ್ಯ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಪೆಟ್ರೋಲುಗಳನ್ನು ಹತ್ತಿರಕ್ಕೂ ತರಕೂಡದು. ತಿರುಪುಳಿಯಿಂದ ಮೀಟುವುದೂ ಸಲ್ಲದು; ಹಲವು ಪಿಸ್ಟನ್ನುಗಳು ಪಿಂಗಾಣಿಯಂಥ ವಸ್ತುವಿನವಾದುದರಿಂದ ಸೀಳಿಬಿಡುತ್ತವೆ. ಪಿಸ್ಟನ್ನು ಸೀಳಿದ್ದರೆ, ಅಥವಾ ಬಳೆಯ ಬಳಿ ದ್ರವವು ಸೋರುತ್ತಿದ್ದರೆ, ಮನೆಯ ಚಿಕಿತ್ಸೆಯನ್ನು ಬಿಟ್ಟು ಬಲ್ಲ ಕೆಲಸಗಾರನ ಬಳಿಗೆ ಹೋಗತಕ್ಕದ್ದು.

ನಮ್ಮ ಮೊಮ್ಮಗನ ಗಾಡಿಗೆ ಎಣ್ಣೆ ಹೀರಿದ ಪ್ಯಾಡುಗಳನ್ನು ಎಸೆದು ಹೊಸದನ್ನು ಹಾಕಿಸಬೇಕಾಯಿತು. ಹಳೆಯ ಪ್ಯಾಡಿನ ಕಾಲಕ್ಕೆ ಹೊರಬಂದಿದ್ದ ಪಿಸ್ಟನ್ನುಗಳನ್ನು ಒಳಕ್ಕೆ ತಳ್ಳುವ ಮೊದಲೇ ಒರೆಸುವುದು ಇಲ್ಲಿಯ ಮುಖ್ಯ ನಿಯಮ. ಒರೆಸದೆ ತಳ್ಳಿದರೆ ಕೊಳೆಯೂ ಜೊತೆಯಲ್ಲೇ ಒಳಹೊಗುತ್ತದೆ. ಈ ಸಲ ಹುಡುಗನು ಹೇಳಿದಂತೆ ನಾವು ಒರೆಸಿದೆವು. ಆಮೇಲೆ ಮನೆಯ ಮುಂದಿನ ಸಮನಾದ ಬೀದಿಯಲ್ಲಿ ಅವನು ಇಪ್ಪತ್ತು ಸಲ ಬ್ರೇಕು ಹಿಡಿದು ನೋಡಿ, ಹಿಡಿತವು ಬಂದಿತೆಂದು ಖಚಿತವಾದ ಮೇಲೆಯೇ ಇಳಿಜಾರಿಗೆ ಹೋದನು.

ವಾಚಕರ ಮನೆಯ ಮಕ್ಕಳ ಬಳಿ ಇಂಥ ಗಾಡಿಯಿದ್ದರೆ, ತಿಂಗಳಿಗೊಮ್ಮೆ ಚಕ್ರವನ್ನೆತ್ತಿ ತಿರುಗಿಸಿ, ಸದ್ದನ್ನು ಕೇಳಿ, ಹಿಡಿಕೆಯನ್ನು ಒತ್ತಿ ಎರಡು ಪ್ಯಾಡುಗಳೂ ಸಮನಾಗಿ ಸರಿಯುವುವೇ ಎಂದು ನೋಡಬೇಕೆಂದು ಬೇಡುತ್ತೇವೆ. ಇದಕ್ಕೆ ಐದು ನಿಮಿಷ ಸಾಕು. ತಿಳಿಯದಿದ್ದರೆ ಮಕ್ಕಳನ್ನೇ ಕೇಳಿರಿ. ಕೇಳುವುದರಲ್ಲಿ ಹಿರಿಯರಿಗೆ ಅವಮಾನವಿಲ್ಲ.