ಹಣ್ಣಿನ ನೊಣ ಮತ್ತು ಜೀವಕಣದ ಸಾವು

ಬಾಳೆಹಣ್ಣು ಎರಡು ದಿನ ಹೆಚ್ಚು ಉಳಿದರೆ ಅದಕ್ಕೆ ಮುತ್ತುವ ಸಣ್ಣ ನೊಣಗಳನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ನಾವು ಅವನ್ನು ಓಡಿಸುತ್ತೇವೆ. ವಿಜ್ಞಾನಿಗಳಾದರೋ ಸೀಸೆಗಳಲ್ಲಿ ಸಾಕುತ್ತಾರೆ. ಡ್ರಾಸಾಫಿಲ ಎಂಬ ಈ ನೊಣ ಮೊಟ್ಟೆಯಿಂದ ಸುಮಾರು ಹತ್ತು ದಿನಗಳಲ್ಲಿ ಬೆಳೆದು ನಿಲ್ಲುತ್ತದೆ. ಜೀವಕಣಗಳು ಏಕೆ, ಹೇಗೆ ಸಾಯುತ್ತವೆ ಎಂಬುದನ್ನು ತಿಳಿಯಲು ಇದು ಬಹಳ ನೆರವಾಗಿದೆ.

ಜೀವಕಣದ ಸಾವು ಮುಖ್ಯವಾಗಿ ಎರಡು ಬಗೆ. ಸುಟ್ಟ ಗಾಯದಲ್ಲಿ ಕಣಗಳು ಸಾಯುವುದು ಅಪಘಾತ. ದೇಹಕ್ಕೆ ಬೇಡವಾದ ಕಣವು ಕ್ರಮವಾಗಿ ತನ್ನನ್ನು ತಾನೇ ಕಳಚಿಕೊಳ್ಳುವುದು ಇನ್ನೊಂದು. ಅದರ ಚೂರುಗಳನ್ನು ಬೇರೆ ಕಣಗಳು ನುಂಗಿಬಿಡುತ್ತವೆ. ಗರ್ಭದಲ್ಲಿ ಶಿಶುವಿನ ಬೆರಳುಗಳು ಬಿಡಿಯಾಗುವುದು ನಡುವಣ ಕಣಗಳು ಹೀಗೆ ಸಾಯುವುದರಿಂದ. 1972ರಲ್ಲಿ ಕೆರ್, ವೈಲಿ, ಕರ್ರಿ ಎಂಬ ಮೂವರು ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು.

ನೊಣದ ಜೀವಕಣದಲ್ಲಿ ಸಾವಿನ ಸಲಕರಣೆ ಮೊದಲೇ ಸಿದ್ಧವಾಗಿರುತ್ತದೆ. ಕ್ಯಾಸ್ಪೇಸ್ ಎಂಬ ಕಿಣ್ವಗಳೇ ಕಣದ ಪ್ರೋಟೀನುಗಳನ್ನು ಕತ್ತರಿಸುವ ಆ ಸಲಕರಣೆ. ಡಯಾಪ್-1 ಎಂಬ ಪ್ರೋಟೀನು ಅವನ್ನು ತಡೆಹಿಡಿದಿರುತ್ತದೆ. ಇಳಿಜಾರಿನಲ್ಲಿ ನಿಂತ ಗಾಡಿಯ ಗಾಲಿಗೆ ಕೊಟ್ಟ ಕಲ್ಲಿನಂತೆ ಇದು. ಕಲ್ಲು ತೆಗೆದರೆ ಸಾಕು, ಗಾಡಿ ತಾನೇ ಉರುಳುತ್ತದೆ.

ಕಲ್ಲು ತೆಗೆಯುವವರು ಯಾರು? 1994ರಲ್ಲಿ ಅಮೆರಿಕದಲ್ಲಿ ಕ್ರಿಸ್ಟಿನ್ ವೈಟ್, ಹರ್ಮನ್ ಸ್ಟೆಲ್ಲರ್ ಮತ್ತು ಸಂಗಡಿಗರು ರೀಪರ್, ಎಂದರೆ ಕೊಯ್ಲುಗಾರ, ಎಂಬ ಜೀನನ್ನು ಪತ್ತೆಹಚ್ಚಿದರು. ಅದರ ಬಳಿಯೇ ಹಿಡ್, ಗ್ರಿಮ್ ಎಂಬ ಇನ್ನೆರಡು ಸಿಕ್ಕವು. ಇವುಗಳಿಂದಾಗುವ ಪ್ರೋಟೀನುಗಳು ಡಯಾಪ್-1ಕ್ಕೆ ಅಂಟಿಕೊಂಡು ಅದರ ಹಿಡಿತವನ್ನು ಬಿಡಿಸುತ್ತವೆ. ಈ ಮೂರು ಜೀನುಗಳಿಲ್ಲದ ಭ್ರೂಣಗಳಲ್ಲಿ ಕ್ರಮಬದ್ಧ ಸಾವು ಹೆಚ್ಚುಕಡಿಮೆ ನಿಂತೇಹೋಯಿತು. ಹೆಚ್ಚುವರಿ ಕಣಗಳು ತುಂಬಿಕೊಂಡವು. ಆದರೆ ಆ ಭ್ರೂಣಗಳು ಮೊಟ್ಟೆಯೊಡೆದು ಹೊರಬರಲಿಲ್ಲ. ಕಣಗಳು ಉಳಿದವು, ಜೀವಿ ಉಳಿಯಲಿಲ್ಲ.

ಈ ಜೀನುಗಳಿಗೆ ಅಪ್ಪಣೆ ಹೊರಗಿನಿಂದ ಬರುವುದುಂಟು. ಹುಳು ನೊಣವಾಗಿ ಮಾರ್ಪಡುವಾಗ ಎಕ್ಡೈಸೋನ್ ಎಂಬ ಹಾರ್ಮೋನು ಏರಿ ರೀಪರ್, ಹಿಡ್‌ಗಳನ್ನು ಎಬ್ಬಿಸುತ್ತದೆ. ಹುಳುವಿನ ಲಾಲಾಗ್ರಂಥಿ ಕೆಲವೇ ಗಂಟೆಗಳಲ್ಲಿ ಅಳಿಯುತ್ತದೆ. ಬೇರೆಡೆ ನೆರೆಯ ಕಣಗಳಿಂದ 'ಬದುಕು' ಎಂಬ ಸೂಚನೆ ಬರುತ್ತಿದ್ದರೆ ಹಿಡ್ ಅಡಗಿರುತ್ತದೆ. ಸೂಚನೆ ನಿಂತರೆ ಕಣ ಸಾಯುತ್ತದೆ.

ಇದರಿಂದ ನಮಗೇನು? ಮನುಷ್ಯನ ಕಣದಲ್ಲೂ ಇಂಥ ತಡೆಗಲ್ಲುಗಳಿವೆ. ಅವನ್ನು ಸರಿಸುವ ಸ್ಮ್ಯಾಕ್ ಎಂಬ ಪ್ರೋಟೀನು 2000ದಲ್ಲಿ ತಿಳಿದುಬಂತು. ಅದರ ತುದಿಗೂ ರೀಪರ್ ತುದಿಗೂ ಹೋಲಿಕೆಯಿದೆ. ಸಾಯಬೇಕಾದಾಗ ಸಾಯಲೊಲ್ಲದ ಕಣಗಳು ಬೆಳೆಯುತ್ತ ಹೋಗುವುದು ಕ್ಯಾನ್ಸರಿನ ಒಂದು ಮುಖ್ಯ ಲಕ್ಷಣ. ಸ್ಮ್ಯಾಕ್‌ನ ತುದಿಯನ್ನು ಹೋಲುವ ಔಷಧಗಳನ್ನು ತಯಾರಿಸಿ ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ; ಆ ಕೆಲಸ ಇನ್ನೂ ಮುಗಿದಿಲ್ಲ.

ಹಣ್ಣಿನ ಮೇಲೆ ಕುಳಿತ ನೊಣವನ್ನು ಓಡಿಸಲೇಬೇಕು, ಸಂದೇಹವಿಲ್ಲ. ಆದರೆ ವೈದ್ಯಶಾಸ್ತ್ರಕ್ಕೆ ಅದರ ಋಣವಿದೆಯೆಂಬುದು ನೆನಪಿರಲಿ.