ಹೂಳು ತೆಗೆಯಲಿ, ಆದರೆ ಬಾವಿಯ ನೀರು?

ಹೊಳೆಯ ಹೂಳು ತೆಗೆಯಬೇಕು ಎಂದು ಹೇಳದವರು ನಮ್ಮ ಕಡೆ ಯಾರಿದ್ದಾರೆ? ಬೆಂಗರೆಯ ದೋಣಿಯವರಿಗೆ ಅಳಿವೆ ಬಾಗಿಲಿನ ಮರಳದಿಬ್ಬದ ಉಪದ್ರ. ಬಂದರಿನಲ್ಲಿ ದಕ್ಕೆಗೆ ಬೋಟು ತಾಗಿಸಲು ಆಳ ಸಾಲದು. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಹೂಳು ತುಂಬಿದಷ್ಟು ಮಂಗಳೂರಿಗೆ ಬೇಸಿಗೆಯ ನೀರು ಕಡಿಮೆ. ಹಾಗಾಗಿ ಡ್ರೆಜ್ಜಿಂಗ್ ಬೇಡ ಎಂದು ನಾನು ಹೇಳುವುದಿಲ್ಲ. ಹೇಗೆ ತೆಗೆಯುತ್ತಾರೆ, ತೆಗೆದದ್ದನ್ನು ಎಲ್ಲಿ ಸುರಿಯುತ್ತಾರೆ ಎಂದು ಕೇಳುವವರು ಕಡಿಮೆ, ಅದೇ ನನ್ನ ತಕರಾರು. ಉಳ್ಳಾಲ, ಹರೇಕಳ, ಪಾವೂರು, ಅಡ್ಯಾರ್, ಕಣ್ಣೂರು, ಫರಂಗಿಪೇಟೆ, ಆಚೆ ಫಲ್ಗುಣಿ ಬದಿಯಲ್ಲಿ ಕೂಳೂರು, ಮಳವೂರು. ನಮ್ಮವರ ಎಷ್ಟು ಮನೆಗಳು ಹೊಳೆಬದಿಯಲ್ಲೇ ಇಲ್ಲ ಹೇಳಿ. ಹೊಳೆಗೆ ಏನಾದರೂ ಆದರೆ ಮೊದಲು ಗೊತ್ತಾಗುವುದು ನಮ್ಮ ಅಡುಗೆಮನೆಯ ಕೊಡದಲ್ಲಿ.

"ಮಳೆಗಾಲದಲ್ಲಿ ನೇತ್ರಾವತಿ ಕೆಂಪಾಗಿಯೇ ಹರಿಯುತ್ತದಲ್ಲ ಉಸ್ತಾದರೇ, ಆಗ ಇಲ್ಲದ ಗಲಾಟೆ ಈಗ ಎಂತಕ್ಕೆ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಮಳೆಗಾಲದ ಕೆಂಪು ಗುಡ್ಡದ ಮೇಲ್ಮಣ್ಣಿನದ್ದು. ಅದರ ಹಿಂದೆ ಭಾರೀ ಪ್ರವಾಹ ಉಂಟು, ಮಣ್ಣನ್ನು ಕಡಲಿಗೆ ತಳ್ಳಿಬಿಡುತ್ತದೆ. ಡ್ರೆಜ್ಜಿಂಗ್ ನಡೆಯುವುದು ಹೆಚ್ಚಾಗಿ ಮಳೆ ನಿಂತ ಮೇಲೆ. ಆಗ ಅಣೆಕಟ್ಟಿನ ಬಾಗಿಲು ಹಾಕಿರುತ್ತದೆ, ನೀರು ನಿಂತಿರುತ್ತದೆ, ಬಿಸಿಯೂ ಏರಿರುತ್ತದೆ. ಬಿಸಿನೀರಿನಲ್ಲಿ ಕರಗಿದ ಆಮ್ಲಜನಕ ಮೊದಲೇ ಕಡಿಮೆ. ಅಂಥ ಸಮಯದಲ್ಲಿ ತಳದ ಕಪ್ಪು ಕೆಸರನ್ನು ಕೆದಕಿದರೆ ಆ ಕೆಸರು ಉಳಿದ ಆಮ್ಲಜನಕವನ್ನೂ ಹೀರಿಕೊಳ್ಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಆ ಕೆಸರಿನೊಳಗಿನ ಹೈಡ್ರೋಜನ್ ಸಲ್ಫೈಡ್‌ನಿಂದ. ಮೀನಿಗೆ ಉಸಿರು ಕಟ್ಟುತ್ತದೆ. ಮರುವಾಯಿಗೆ ಓಡಿಹೋಗಲು ಕಾಲಿಲ್ಲ, ಮೇಲಿಂದ ಬಿದ್ದ ಹೂಳಿನಡಿ ಅಲ್ಲೇ ಸಾಯುತ್ತದೆ.

ಇನ್ನೊಂದು ಸಂಗತಿ. ಕೆಸರು ಬರೀ ಮಣ್ಣಲ್ಲ. ಹತ್ತಾರು ವರ್ಷ ಹೊಳೆಗೆ ಬಂದ ಚರಂಡಿ ನೀರು, ಕಾರ್ಖಾನೆ ಕಡೆಯ ಹಳ್ಳಗಳ ನೀರು, ಬೋಟಿನ ಎಣ್ಣೆ, ಅಡಿಗೆ ಬಳಿದ ಬಣ್ಣ, ಇವುಗಳ ಲೋಹ ಮತ್ತು ರಾಸಾಯನಿಕ ಸಣ್ಣ ಜೇಡಿಕಣಗಳಿಗೆ ಅಂಟಿಕೊಂಡು ತಳದಲ್ಲಿ ಮಲಗಿರುತ್ತವೆ. ಮರಳು ದಪ್ಪ ಕಣ, ಕದಡಿದರೂ ಒಂದು ಮೀಟರ್ ಆಳಕ್ಕೆ ಒಂದೆರಡು ನಿಮಿಷದೊಳಗೆ ಇಳಿಯುತ್ತದೆ. ಜೇಡಿಯ ಕಣ ಅಷ್ಟೇ ಆಳ ಇಳಿಯಲು ನಿಂತ ಸಿಹಿನೀರಿನಲ್ಲೂ ಎರಡೂವರೆ ಮೂರು ದಿನ ಬೇಕು. ಹರಿಯುವ ನೀರಿನಲ್ಲಿ ಅದು ಎಲ್ಲಿಯವರೆಗೆ ಹೋದೀತು ಎಂದು ನೀವೇ ಲೆಕ್ಕ ಹಾಕಿ. ಉಪ್ಪುನೀರು ಸಿಕ್ಕಿದರೆ ಮಾತ್ರ ಕಣಗಳು ಒಂದಕ್ಕೊಂದು ಅಂಟಿ ಬೇಗ ಕೂರುತ್ತವೆ. ಉಪ್ಪು ಮತ್ತು ಸಿಹಿನೀರು ಸೇರುವ ಹಳೇ ಬಂದರಿನ ಕಡೆ ಎಷ್ಟು ಕೆಸರು ತೆಗೆದರೂ ಪುನಃ ತುಂಬುವುದಕ್ಕೆ ಇದೂ ಒಂದು ಕಾರಣ.

ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಕದಡಿಕೆಯ ಮಿತಿ 1 ಎನ್‌ಟಿಯು, ಬೇರೆ ಮೂಲ ಇಲ್ಲದಿದ್ದರೆ 5ರವರೆಗೆ. ಶುದ್ಧೀಕರಣ ಘಟಕಕ್ಕೆ ಕದಡಿದ ನೀರು ಬಂದಷ್ಟು ಆಲಂ ಜಾಸ್ತಿ ಬೇಕು, ಫಿಲ್ಟರ್ ಬೇಗ ಕಟ್ಟುತ್ತದೆ, ಕ್ಲೋರಿನ್‌ನ ಕೆಲಸವೂ ಕೆಡುತ್ತದೆ. ರೋಗಾಣು ಮಣ್ಣಿನ ಕಣದ ಮರೆಯಲ್ಲಿ ಅಡಗಿ ಪಾರಾಗುತ್ತದೆ. ಮದ್ರಸದ ಮಕ್ಕಳು ಕೇಳುವುದುಂಟು, ಕೆಂಪು ನೀರಿನಲ್ಲಿ ವುಝೂ ಆಗುತ್ತದಾ ಎಂದು. ಮಣ್ಣಿನಿಂದ ಮಾತ್ರ ಬಣ್ಣ ಬದಲಾದ ನೀರಿನಲ್ಲಿ ಆಗುತ್ತದೆ. ಆದರೆ ವುಝೂ ಆಗುವ ನೀರೆಲ್ಲ ಹೊಟ್ಟೆಗೆ ಆಗುತ್ತದೆ ಎಂದು ಯಾವ ಕಿತಾಬಿನವರೂ ಹೇಳಿಲ್ಲ.

ಸರಿಯಾಗಿ ಮಾಡುವ ದಾರಿ ಇಲ್ಲವೇ? ಉಂಟು. ಅಮೆರಿಕದ ಹಡ್ಸನ್ ನದಿಯ ಕತೆ ನೋಡಿ. ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಎರಡು ಕಾರ್ಖಾನೆಗಳಿಂದ 1947ರಿಂದ 1977ರವರೆಗೆ ಪಿಸಿಬಿ ಎಂಬ ವಿಷ ಆ ನದಿಗೆ ಸೇರಿತ್ತು. ಅದನ್ನು ತೆಗೆಯಲು 2009ರಿಂದ 2015ರವರೆಗೆ ಸುಮಾರು 40 ಮೈಲಿ ಉದ್ದಕ್ಕೆ ಡ್ರೆಜ್ಜಿಂಗ್ ಮಾಡಿದರು. ಕೆಲಸ ನಡೆಯುವಾಗ ನೀರನ್ನು ಪರೀಕ್ಷಿಸುತ್ತಲೇ ಇದ್ದರು. ಕೆಳಗಿನ ವಾಟರ್‌ಫರ್ಡ್, ಹಾಫ್‌ಮೂನ್ ಊರಿನವರಿಗೆ ಹೊಳೆಯ ನೀರಿನ ಬದಲು ಟ್ರಾಯ್ ನಗರದಿಂದ ಪೈಪಿನಲ್ಲಿ ನೀರು ತರುವ ವ್ಯವಸ್ಥೆ ಆಯಿತು. ಮೇಲೆತ್ತಿದ ಕೆಸರನ್ನು ಹಿಂಡಿ, ಹಿಂಡಿದ ನೀರನ್ನು ಶುದ್ಧ ಮಾಡಿಯೇ ಹೊರಗೆ ಬಿಟ್ಟರು. ಕೆಸರು ರೈಲಿನಲ್ಲಿ ದೂರದ ವಿಲೇವಾರಿ ಜಾಗಕ್ಕೆ ಹೋಯಿತು. ನಮ್ಮ ಹೊಳೆಯಲ್ಲಿ ಅಂಥ ವಿಷ ಉಂಟು ಎಂದು ನಾನು ಹೇಳುತ್ತಿಲ್ಲ. ಆದರೆ ಕುಡಿಯುವವರ ನೀರಿನ ಬಗ್ಗೆ ಯಂತ್ರ ಇಳಿಯುವ ಮೊದಲೇ ಯೋಚಿಸಿದ್ದರು, ಅದನ್ನು ಗಮನಿಸಿ.

ಇಲ್ಲಿಗೆ ಅಷ್ಟು ಖರ್ಚಿನ ಕೆಲಸ ಬೇಕಾಗಲಿಕ್ಕಿಲ್ಲ. ಮೊದಲು ಕೆಸರಿನ ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು. ಕೆಲಸದ ಜಾಗಕ್ಕೆ ನೀರಿನಲ್ಲಿ ತೇಲುವ ಪರದೆ ಕಟ್ಟಬೇಕು, ಅದಕ್ಕೆ ಸಿಲ್ಟ್ ಕರ್ಟನ್ ಎನ್ನುತ್ತಾರೆ. ನೀರು ಜೋರಾಗಿ ಹರಿಯುವಲ್ಲಿ ಪರದೆ ನಿಲ್ಲುವುದಿಲ್ಲ, ಅಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಅಳಿವೆಯ ಹತ್ತಿರವಾದರೆ ನೀರು ಇಳಿಯುವ ಹೊತ್ತಿನಲ್ಲಿ ಕೆಲಸ ಮಾಡಿದರೆ ಕದಡಿದ್ದು ಕಡಲಿಗೆ ಹೋಗುತ್ತದೆ, ಏರುವ ಹೊತ್ತಿನಲ್ಲಿ ಮಾಡಿದರೆ ಊರೊಳಗೆ ಬರುತ್ತದೆ. ದೋಣಿಯವರಿಗೆ ಇದು ಯಾರೂ ಕಲಿಸಬೇಕಾದ್ದಲ್ಲ. ಯಂತ್ರದ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಒಂದು ಕಡೆ ದಿನವೂ ನೀರು ನೋಡಿ, ವ್ಯತ್ಯಾಸ ಹೆಚ್ಚಾದ ಕೂಡಲೇ ಯಂತ್ರ ನಿಲ್ಲಿಸುವ ಅಧಿಕಾರ ಒಬ್ಬರಿಗೆ ಇರಬೇಕು. ತುಂಬೆಯಂಥ ಜಾಗದಲ್ಲಿ ನೀರೆತ್ತುವ ಬಾಯಿಯ ಹತ್ತಿರ ಯಂತ್ರ ಹೋಗಲೇಬಾರದು.

ಅಳಿವೆಯನ್ನು ಬೇಕಾಬಿಟ್ಟಿ ಆಳ ಮಾಡಿದರೆ ಇನ್ನೊಂದು ತೊಂದರೆ. ಉಪ್ಪುನೀರು ಭಾರ, ತಳದಲ್ಲೇ ಹರಿದು ಮೇಲೆ ಮೇಲೆ ಬರುತ್ತದೆ. ಹರೇಕಳ–ಅಡ್ಯಾರ್ ನಡುವೆ ಸೇತುವೆ ಸಹಿತ ಕಿಂಡಿ ಅಣೆಕಟ್ಟು ಕಟ್ಟಿದ್ದರ ಒಂದು ಉದ್ದೇಶವೇ ಉಪ್ಪು ತಡೆಯುವುದು. ಅದರ ಕೆಳಗಿನವರ ಬಾವಿಗೆ ಆ ರಕ್ಷಣೆ ಇಲ್ಲ.

ಈಗ ಮಣ್ಣು ಎಲ್ಲಿ ಹೋಗುತ್ತದೆ ಎಂಬ ವಿಷಯ. ಇದರಲ್ಲಿ ನಮ್ಮ ಪಾಲೂ ಉಂಟು, ಬೇಜಾರು ಮಾಡಬೇಡಿ. ಟಿಪ್ಪರ್ ಓಡಿಸುವವರಲ್ಲಿ ನಮ್ಮ ಹುಡುಗರಿದ್ದಾರೆ. ಗಲ್ಫಿನಿಂದ ಹಣ ಕಳಿಸಿ ತಗ್ಗಿನ ಗದ್ದೆಯಲ್ಲಿ ಮನೆ ಕಟ್ಟುವವರು "ಕಡಿಮೆಗೆ ಫಿಲ್ಲಿಂಗ್ ಸಿಗುತ್ತದಾ" ಎಂದು ವಿಚಾರಿಸುವುದೂ ಉಂಟು. ಅಳಿವೆಯ ಕಡೆಯ ಹೂಳು ಉಪ್ಪಿನದ್ದು. ಗದ್ದೆಗೆ ಹಾಕಿದರೆ ಮೊದಲ ಮಳೆಗೇ ಉಪ್ಪು ಕರಗಿ ಪಕ್ಕದ ಬಾವಿಗೆ ಇಳಿಯುತ್ತದೆ. ನಿಮ್ಮ ಬಾವಿ ಮಾತ್ರ ಅಲ್ಲ, ನೆರೆಯವರದ್ದೂ ಹಾಳು. ಆ ಮರಳನ್ನೇ ಕಾಂಕ್ರೀಟಿಗೆ ಹಾಕಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಸ್ಲ್ಯಾಬ್ ಬಿರುಕು ಬಿಡುತ್ತದೆ. ಹತ್ತಾರು ವರ್ಷ ದುಡಿದ ಹಣ!

ಹೂಳು ಸುರಿಯುವ ಜಾಗ ಬಾವಿ, ತೋಡು, ಗದ್ದೆಯಿಂದ ದೂರ ಇರಬೇಕು. ಸುತ್ತ ಬದು ಕಟ್ಟಿ, ನೀರು ನಿಲ್ಲಿಸಿ ಕೆಸರು ಕೂರಿಸುವ ಕೊಳ ಮಾಡಿ, ತಿಳಿಯಾದ ಮೇಲೆಯೇ ಹೊರಗೆ ಬಿಡಬೇಕು. ಹೊಳೆಬದಿಯಲ್ಲೇ ಗುಡ್ಡೆ ಹಾಕಿ ಬಿಟ್ಟರೆ ಜೂನ್ ಮಳೆಗೆ ಎಲ್ಲ ವಾಪಸ್ ಹೊಳೆಗೇ. ಕೊಟ್ಟ ಹಣವೂ ಹೊಳೆಗೆ.

ಕಾನೂನು ಇಲ್ಲದೆ ಇಲ್ಲ. ಜಲ ಮಾಲಿನ್ಯ ತಡೆ ಕಾಯ್ದೆ 1974ರಿಂದಲೇ ಉಂಟು. ಸಿಆರ್‌ಝೆಡ್ ವ್ಯಾಪ್ತಿಯ ಮರಳದಿಬ್ಬ ತೆರವಿಗೆ ಸಾಂಪ್ರದಾಯಿಕ ಕೆಲಸಗಾರರು ಕೈಯಿಂದ ತೆಗೆಯಬೇಕು, ಯಂತ್ರ ಇಳಿಸುವಂತಿಲ್ಲ ಎಂಬುದು ನಿಯಮ. ರಾತ್ರಿ ಹೊಳೆಯಲ್ಲಿ ಯಂತ್ರದ ಸದ್ದು ಕೇಳಿದರೆ ಯಾವ ಪರವಾನಿಗೆಯದ್ದು ಎಂದು ವಿಚಾರಿಸುವುದಕ್ಕೆ ಹೆದರಬೇಕಾಗಿಲ್ಲ. ಒಬ್ಬರೇ ಹೋಗಬೇಡಿ ಅಷ್ಟೇ. ಜಮಾಅತ್ ಕಮಿಟಿಯ ಲೆಟರ್‌ಹೆಡ್‌ನಲ್ಲಿ ಪಂಚಾಯತಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ನೆರೆಯ ದೇವಸ್ಥಾನದವರೂ, ಚರ್ಚಿನವರೂ ಸಹಿ ಹಾಕಲಿ, ಹೊಳೆ ಅವರದ್ದೂ ಹೌದಲ್ಲ. ಕೆಸರಿನ ಪರೀಕ್ಷೆಯ ವರದಿ ಎಲ್ಲಿ, ಸುರಿಯುವ ಜಾಗ ಯಾವುದು, ನೀರು ನೋಡುವವರು ಯಾರು ಎಂದು ಮೂರೇ ಸಾಲು ಬರೆದರೆ ಸಾಕು.

ಅದಕ್ಕೂ ಮೊದಲು ಮನೆಯಲ್ಲಿ ಒಂದು ಕೆಲಸ ಉಂಟು. ಯಂತ್ರ ಬರುವ ಮುಂಚೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ ಕಾಗದ ತೆಗೆದಿಡಿ. ಆಮೇಲೆ ಕೆಟ್ಟಿತು ಎಂದರೆ "ಮೊದಲೂ ಹೀಗೇ ಇತ್ತು" ಎಂಬ ಉತ್ತರ ಬರುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷಿಸುವ ಕಿಟ್ ಪಂಚಾಯತಿಗೆ ಬರುತ್ತದೆ, ಅದನ್ನು ಬಳಸಲು ಪ್ರತಿ ಹಳ್ಳಿಯಲ್ಲಿ 5 ಮಂದಿ ಹೆಂಗಸರಿಗೆ ತರಬೇತಿ ಕೊಡಬೇಕೆಂದೂ ಉಂಟು. ನಮ್ಮ ಹೆಣ್ಣುಮಕ್ಕಳು ಹೆಸರು ಕೊಡಲಿ. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗೆ ಇರಬೇಕು, ಅದನ್ನು ಮರೆಯದೆ ನೋಡಿಸಿ. ರೋಗಾಣು ಪರೀಕ್ಷೆಗಾದರೆ ಮನೆಯ ಜ್ಯೂಸ್ ಬಾಟಲಿ ಆಗುವುದಿಲ್ಲ, ಲ್ಯಾಬಿನವರು ಕೊಡುವ ಬಾಟಲಿಯಲ್ಲೇ ತುಂಬಿಸಿ, ಬೆಳಿಗ್ಗೆ ತೆಗೆದದ್ದನ್ನು ಅದೇ ದಿನ ಮುಟ್ಟಿಸಬೇಕು.